ಸುಳಿ ಹೋದ ಮರ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಪೇಟೆಯ ಪುರಸಭೆಯವರು ಪಾರ್ಕಿನ ಒಂದು ಮೂಲೆಯನ್ನು ಕಾಲೇಜಿನ ಸುಪರ್ದಿಗೆ ಬಿಟ್ಟರು. ಕಾಲೇಜಿನವರು ಅದನ್ನು ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ತಲೆಗೆ ಕಟ್ಟಿದರು. ಅಲ್ಲಿ ನಾನು ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು. ತರಗು ಗುಡಿಸಲಿಲ್ಲ, ತುಂಬೆ ತಂಗಡಿ ಕೀಳಿಸಲಿಲ್ಲ. ಒಂದೆರಡು ಮಳೆಗಾಲದಲ್ಲಿ ಚಿಟ್ಟೆ ಬಂದವು, ಓತಿಕ್ಯಾತ ಬಂದವು, ಮುಂಗುಸಿಯೂ ಬಂತು. ಮುಂಗುಸಿಯನ್ನು ನಾನೇ ಕಂಡೆನೋ, ವಿದ್ಯಾರ್ಥಿಗಳು ಹೇಳಿದ್ದನ್ನು ಕಂಡೆನೆಂದು ನಂಬಿದೆನೋ, ಈಗ ತಿಳಿಯದು. ಗಿಳಿಗಳನ್ನು ಮಾತ್ರ ಕಂಡಿದ್ದೇನೆ. ಸುಳಿ ಸತ್ತು, ಗರಿಯೆಲ್ಲ ಉದುರಿ, ಕಂಬದಂತೆ ನಿಂತಿದ್ದ ಹಳೆಯ ತೆಂಗಿನ ಮರದ ಪೊಟರೆಯಲ್ಲಿ ಅವು ಮರಿ ಮಾಡುತ್ತಿದ್ದವು.

ಬೇಲಿಯಾಚೆ ನನ್ನ ಗಂಡನ ಅಣ್ಣನ ತೋಟ. ಪುರಸಭೆಯ ಸದಸ್ಯರೂ ಅವರೇ. ನಮ್ಮ ಸೀಮೆಯಲ್ಲಿ ತೋಟವೆಂದರೆ ಉತ್ತು ಹಸನು ಮಾಡಿದ ನೆಲ. ಸುಳಿ ಹೋದ ಮರವನ್ನು ನಿಲ್ಲಿಸಿಕೊಳ್ಳುವುದು ಮನೆಯಲ್ಲಿ ಹೆಣ ಇಟ್ಟುಕೊಂಡಂತೆ.

ಗಂಡನ ಅಣ್ಣನೂ ತಮ್ಮನ ಹೆಂಡತಿಯೂ ನೇರವಾಗಿ ಮಾತಾಡಬಾರದೆಂಬ ರೂಢಿ ನಮ್ಮ ಮನೆಯಲ್ಲಿತ್ತು. ಹಾಗಾಗಿ ನಮ್ಮ ಜಗಳ ನಡೆದದ್ದು ನನ್ನ ಗಂಡನ ಮೂಲಕ. ಬಾವನವರು ಪಡಸಾಲೆಯಲ್ಲಿ, ನಾನು ಅಡುಗೆಮನೆ ಬಾಗಿಲಲ್ಲಿ, ನಡುವೆ ನನ್ನ ಗಂಡ.

“ಹೇಳ್ಲಾ ನಿನ್ನ ಹೆಂಡ್ತಿಗೆ. ಆ ಮೋಟು ಮರದಲ್ಲೇ ಸುಳಿ ಕೊರೆಯೋ ದುಂಬಿ ಹುಟ್ಟೋದು. ನಾಳೆ ನನ್ನ ತೋಟವೂ ಹಂಗೇ ಆಯ್ತದೆ. ಕಡಿಸ್ಬುಡು ಅನ್ನು.”

“ಹೇಳ್ರೀ ನಿಮ್ಮಣ್ಣಂಗೆ. ದುಂಬಿ ಹುಟ್ಟೋದು ಅವರ ತಿಪ್ಪೇಲಿ. ಮೊದಲು ಅದನ್ನ ತೋಡಿಸ್ಲಿ.”

“ಇಬ್ರಿಗೂ ಕಿವಿ ಚೆನ್ನಾಗೇ ಕೇಳ್ತವೆ. ನನ್ನ ಯಾಕೆ ಅರೀತೀರಾ?” ಎಂದರು ನನ್ನ ಗಂಡ.

ನಾನು ಪರೀಕ್ಷೆಯ ಕೆಲಸಕ್ಕೆಂದು ಚಿಕ್ಕನಾಯಕನಹಳ್ಳಿಗೆ ಹೋಗಿದ್ದ ದಿನ ಬಾವನವರು ಮರ ಕಡಿಸಿದರು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅವರ ಆಳು ಜಗಲಿಯಲ್ಲಿ ಮೊರ ಹಿಡಿದು ನಿಂತಿದ್ದ. ಮೊರದ ತುಂಬ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು.

“ಯಜಮಾನ್ರು ಕಳಿಸವ್ರೆ ಕಣವ್ವ. ನಿಮ್ಮ ಗಿಳಿಮರಿ ತಗೋಬೇಕಂತೆ.”

ನಿಜವಾದ ಮರಿಗಳು ಏನಾದವೆಂದು ಕೇಳಿದೆ. ಅವನು ನೆಲ ನೋಡಿದ. “ನಾಯಿ ಬಂದ್ಬುಡ್ತು” ಎಂದ.

ಹುಳುಗಳು ದುಂಬಿಯವೇ. ಪಾಠ ಮಾಡುವವಳಿಗೆ ಅಷ್ಟು ಗೊತ್ತಾಗದಿರುತ್ತದೆಯೇ? ಬಾವನವರ ಮಾತು ನಿಜವಾಗಿತ್ತು. ಆದರೆ ನಿಜವೆಂದು ಕಂಡಮೇಲೆ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ಬಂದ ಮೊರವನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದಲ್ಲ. ಬೆಳಿಗ್ಗೆ ಗುದ್ದಲಿ ಹಿಡಿದು ಅವರ ತಿಪ್ಪೆಗೇ ಹೋದೆ. ಮೊಣಕಾಲುದ್ದ ಕೆದಕುವಷ್ಟರಲ್ಲಿ ಅವೇ ಹುಳುಗಳು ಸಿಕ್ಕವು. ಮೊರ ತುಂಬಿಸಿ ಅವರ ಬಾಗಿಲಲ್ಲಿಟ್ಟು, “ಮುಯ್ಯಿ ತೀರಿಸಿದ್ದೀನಿ ಅಂತ ಹೇಳವ್ವ” ಎಂದು ಓರಗಿತ್ತಿಗೆ ಹೇಳಿ ಬಂದೆ. ಮೊರವಲ್ಲ, ಬಾಂಡ್ಲಿ ಎನ್ನುತ್ತಾರೆ ನನ್ನ ಗಂಡ. ಇರಬಹುದು. ನನ್ನ ನೆನಪಿನಲ್ಲಿ ಮೊರವೇ ಇದೆ. ಜಗಳಕ್ಕೆ ಅದೇ ಒಪ್ಪುತ್ತದೆ ಎಂಬ ಕಾರಣಕ್ಕೂ ಇರಬಹುದು.

ಬಾವನವರು ಹುಳುಗಳನ್ನು ಕೋಳಿಗೆ ಹಾಕಿಸಿದರಂತೆ. ತಿಪ್ಪೆಯ ಹುಳು ಮಾತ್ರ ತೆಗೆಸಲಿಲ್ಲ. ನಾನು ಹೇಳಿದೆನೆಂಬ ಕಾರಣಕ್ಕೇ ತೆಗೆಸಲಿಲ್ಲ. ಪುರಸಭೆಯಲ್ಲಿ ಒಪ್ಪಿಗೆ ಪಡೆದು ಆ ಮೂಲೆಯನ್ನು ಬೋಳಿಸಿ ತೆಂಗಿನ ಸಸಿ ನೆಡಿಸಿದರು. ಗುಂಡಿಗಳಿಗೆ ಉದಾರವಾಗಿ ತುಂಬಿಸಿದ್ದು ಅದೇ ತಿಪ್ಪೆಯ ಗೊಬ್ಬರವನ್ನು. ನಾನು ಬೇಲಿಯ ಪಕ್ಕದಲ್ಲೇ ದಿನಾ ನಡೆದು ಹೋಗುತ್ತಿದ್ದೆ. ಒಂದು ಮಾತೂ ಆಡಲಿಲ್ಲ. ಆಡಲು ರೂಢಿಯೂ ಬಿಡುತ್ತಿರಲಿಲ್ಲ.

ಮಳೆ ಮುಗಿಯುವ ಹೊತ್ತಿಗೆ ಸಸಿಗಳ ಸುಳಿಯಲ್ಲಿ ತೂತು ಬಿದ್ದವು. ಒಂದು ಬೆಳಿಗ್ಗೆ ಬಾವನವರು ಒಣಗಿದ ಸುಳಿಯೊಂದನ್ನು ತಂದು ನಮ್ಮ ಜಗಲಿಯ ಮೇಲೆ ಎಸೆದರು. ನನ್ನ ಗಂಡ ಎದುರಿಗೇ ಇದ್ದರು. ಬಾವನವರು ಅವರತ್ತ ನೋಡಲಿಲ್ಲ. ಮದುವೆಯಾಗಿ ಬಂದಂದಿನಿಂದ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

“ಸಂತೋಷ ಆಯ್ತೇನವ್ವ? ನಾನು ಮತ್ತೆ ನೆಡ್ತೀನಿ.”

ನೆಟ್ಟರು. ಆ ಸಲ ತಿಪ್ಪೆ ತೋಡಿಸಿ, ಹುಳು ಆರಿಸಿ, ಆಮೇಲೆ ನೆಟ್ಟರು. ಸಸಿಗಳು ಹಿಡಿದವು. ಮೂಲೆ ಅಂಗಳದಷ್ಟು ಚೊಕ್ಕಟವಾಯಿತು. ಗಿಳಿಗಳು ಆ ಕಡೆ ಸುಳಿಯಲಿಲ್ಲ.

ಅಂದು ಬಾವನವರ ಮುಖಕ್ಕೇ “ಆಯ್ತು” ಎಂದು ಹೇಳಿದ ನೆನಪು ನನಗೆ. ನೀನು ಬಾಯಿ ಬಿಡದೆ ಒಳಗೆ ಹೋದೆ ಎನ್ನುತ್ತಾರೆ ನನ್ನ ಗಂಡ. ಅವರ ಮಾತೇ ಸರಿಯಿರಬಹುದು. ಸಂತೋಷವಾದದ್ದಂತೂ ನಿಜ.