ಬುಡನ್ ಸಾಬರ ಕ್ಲಚ್ಚಿಲ್ಲದ ಲಾರಿ

ಶ್ರೀನಿವಾಸಪುರದ ಮುಳಬಾಗಿಲು ರಸ್ತೆಯಲ್ಲಿ ಗೇರ್‌ಬಾಕ್ಸ್ ರಿಪೇರಿಗೆ ಬುಡನ್ ಸಾಬರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾವ ಹಲ್ಲು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಹೆಂಡತಿ ಬದ್ರುನ್ನೀಸಾ ಮಾತ್ರ, "ನನ್ನ ಮಾತಿಗೆ ಆ ಕಿವಿ ಯಾವತ್ತೂ ಖಾಲಿ ಇರಲ್ಲ" ಎನ್ನುತ್ತಿದ್ದರು.

ಇಂಥವರ ಕೈಯಲ್ಲೂ ಒಂದು ಸಲ ಜಾಕಿ ಜಾರಿತು. ಎಂಬತ್ತನೇ ಇಸವಿ, ಮಾವಿನ ಸುಗ್ಗಿ ಮುಗಿದಿತ್ತು. ಮಾವಿನ ವ್ಯಾಪಾರಿ ಕೋದಂಡರಾಮಪ್ಪನವರ ಲಾರಿಯ ಗೇರ್‌ಬಾಕ್ಸ್ ಇಳಿಸುವಾಗ ಅದು ಡ್ರೈವರ್ ಗಂಗುಲಪ್ಪನ ಎಡ ಮೊಣಕಾಲಿನ ಮೇಲೆ ಬಿತ್ತು. ಮೂಳೆ ಕೂಡಿತು, ಕಾಲು ಮಡಚದಾಯಿತು. ಕ್ಲಚ್ ತುಳಿಯಲಾಗದವನಿಂದ ಏನುಪಯೋಗ ಎಂದು ಕೋದಂಡರಾಮಪ್ಪ, ಮುಂದಿನ ಸುಗ್ಗಿಗೆ ಬೇರೆ ಡ್ರೈವರನ್ನು ನೋಡುವುದಾಗಿ ಹೇಳಿದರು. ಗಂಗುಲಪ್ಪ ಸಾಬರನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಯದ್ದಕ್ಕೇ ಸಾಬರು ತಾವಾಗಿ ಅವನ ಮನೆಗೆ ಹೋದರು.

"ನಿನ್ನ ಕಾಲು ಸರಿ ಮಾಡೋಕೆ ನಾನು ಡಾಕ್ಟ್ರಲ್ಲ ಕಣೋ ಗಂಗುಲು. ಕ್ಲಚ್ಚನ್ನೇ ಕಿತ್ತಾಕ್ತೀನಿ" ಎಂದರು.

ಗುಜರಿಯಲ್ಲಿ ಗಣಿಯ ಹಳೇ ಡಂಪರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದು ಕೋಳಿಗಳು ಕೂರುವ ಕಟ್ಟೆಯಾಗಿ ಬಿದ್ದಿತ್ತು. ಸಾಬರು ಕೋಳಿಗಳನ್ನು ಓಡಿಸಿ ಅದನ್ನು ಗಾಡಿಗೆ ಹೇರಿ ತಂದರು. ಐದು ತಿಂಗಳು ಬಿಚ್ಚಿದ್ದೂ ಬಿಚ್ಚಿದ್ದೇ, ಕಟ್ಟಿದ್ದೂ ಕಟ್ಟಿದ್ದೇ. ಸುಟ್ಟ ಪ್ಲೇಟುಗಳ ಜಾಗಕ್ಕೆ ಗಟ್ಟಿಯಾದ ಹೊಸವು ಬಂದವು. ಲಾರಿಯ ಇಂಜಿನ್ನಿಗೆ ಜೋಡಿಸುವ ಉಕ್ಕಿನ ಬಿಲ್ಲೆಯನ್ನು ಕೋಲಾರದ ಲೇತಿನಲ್ಲಿ ಕೊರೆಸಿದರು. ಏರಿನಲ್ಲಿ ಎಣ್ಣೆ ಕಾಯಬಾರದೆಂದು ಹಳೇ ಕಾರಿನ ರೇಡಿಯೇಟರನ್ನು ಪಕ್ಕಕ್ಕೆ ಕಟ್ಟಿದರು. ಎಣ್ಣೆ ಹಿಡಿಯಲು ಹೋದ ಬದ್ರುನ್ನೀಸಾರ ಬಿರಿಯಾನಿ ದೇಗ್ಚಿ ಮನೆಗೆ ವಾಪಸು ಬರಲೇ ಇಲ್ಲ.

ಸುಗ್ಗಿಯ ಮೊದಲ ಲೋಡು. ಗಂಗುಲಪ್ಪ ಎಡಗಾಲನ್ನು ನೆಟ್ಟಗೆ ಚಾಚಿಕೊಂಡು, ಯಲ್ದೂರಿನಿಂದ ಶ್ರೀನಿವಾಸಪುರದ ಮಾವಿನ ಮಂಡಿಯವರೆಗೆ ಒಂದು ಕಾಯಿಯೂ ಅಲುಗದಂತೆ ಓಡಿಸಿದ. ಪಕ್ಕದಲ್ಲಿ ಕೂತಿದ್ದ ಕೋದಂಡರಾಮಪ್ಪನವರಿಗೆ ಖುಷಿಯೋ ಖುಷಿ. ಅದು ಸ್ವಲ್ಪ ಹೆಚ್ಚೇ ಆಯಿತು. ಮಂಡಿಯಲ್ಲಿ ಕಾಯುತ್ತಿದ್ದ ಸಾಬರಿಗೆ ಹೇಳಿದರು:

"ಅಲ್ಲಾ ಸಾಬ್ರೇ, ಇಷ್ಟು ಸುಲಭ ಆದ್ಮೇಲೆ ಡ್ರೈವರ್ ಯಾಕೆ? ನಾಳೆಯಿಂದ ನಮ್ಮ ಅಳಿಯ ಶ್ರೀನಿವಾಸಪ್ಪನೇ ಓಡಿಸ್ತಾನೆ ಬಿಡಿ."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಸಾಬರು ಗಡ್ಡ ಕೆರೆದುಕೊಂಡು "ಆಗ್ಲಿ ಯಜಮಾನ್ರೇ" ಎಂದರು. ಸಂಜೆ ಲಾರಿ ನೋಡುವ ನೆಪದಲ್ಲಿ ಹೋಗಿ, ಎರಡು ಬ್ಯಾಟರಿಗಳ ನಡುವಿನ ಗೇಣುದ್ದದ ವೈರನ್ನು ಬಿಚ್ಚಿ ಗಂಗುಲಪ್ಪನ ಜೇಬಿಗಿಳಿಸಿದರು.

"ಕರೆಯೋವರೆಗೂ ಮನೆ ಬಿಟ್ಟು ಬರಬೇಡ."

ಆ ಕಾಲದಲ್ಲಿ ಈ ಕಡೆಯ ಲಾರಿಗಳಿಗೆ ಬ್ಯಾಟರಿಗಿಂತ ಇಳಿಜಾರಿನ ಮೇಲೇ ನಂಬಿಕೆ. ಎಲ್ಲರೂ ಸಂಜೆ ದಿಣ್ಣೆಯ ಮೇಲೆ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವವರೇ. ಬ್ಯಾಟರಿ ಪೆಟ್ಟಿಗೆ ತೆರೆದು ನೋಡುವವರಿಲ್ಲ. ಬೆಳಿಗ್ಗೆ ಕೀ ತಿರುಗಿಸಿದಾಗ ಸದ್ದೇ ಬರದಿದ್ದರೂ ಶ್ರೀನಿವಾಸಪ್ಪ ಗಾಬರಿಯಾಗಲಿಲ್ಲ. ನಾಲ್ಕು ಜನರನ್ನು ಕರೆದು "ತಳ್ಳ್ರೋ" ಎಂದ.

ಲಾರಿ ಉರುಳಿತು. ಹಳೇ ಗೇರ್‌ಬಾಕ್ಸ್ ಆಗಿದ್ದರೆ ಇಂಜಿನ್ ಹಿಡಿದುಕೊಳ್ಳುತ್ತಿತ್ತು. ಇದರಲ್ಲಿ ಎಣ್ಣೆ ಒತ್ತಿದರೆ ತಾನೇ ಪ್ಲೇಟು ಹಿಡಿಯುವುದು, ಇಂಜಿನ್ ತಿರುಗಿದರೆ ತಾನೇ ಎಣ್ಣೆ ಒತ್ತುವುದು? ಕಾಶಿಯವರೆಗೆ ಉರುಳಿಸಿದರೂ ಅದು ಏಳುವುದಿಲ್ಲ ಎಂದು ಊರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಂಜಿನ್ ಓಡದೆ ಬ್ರೇಕಿಗೂ ಗಾಳಿಯಿರಲಿಲ್ಲ. ಅಳಿಯನ ಸಮೇತ ಲಾರಿ ದಿಣ್ಣೆಯ ಕೆಳಗಿನ ಮನೆಯ ಬೈರಮ್ಮನ ತಿಪ್ಪೆಯಲ್ಲಿ ಮೂತಿ ಹುಗಿದು ನಿಂತಿತು. ಬೈರಮ್ಮ ಅವನ ನಾಲ್ಕು ತಲೆಮಾರಿನವರನ್ನು ಹೆಸರು ಹಿಡಿದು ವಿಚಾರಿಸಿದಳು.

ಗಂಗುಲಪ್ಪನಿಗೆ ಕರೆ ಹೋಯಿತು. ಕುಂಟುತ್ತಾ ಬಂದ, ಲಾರಿಗೊಂದು ಸುತ್ತು ಹಾಕಿದ, ಬ್ಯಾಟರಿ ಪೆಟ್ಟಿಗೆಯ ಹತ್ತಿರ ಬಗ್ಗಿ ಏನೋ ಸವರಿದ, ಹತ್ತಿ ಕೀ ತಿರುಗಿಸಿದ. ಇಂಜಿನ್ ಗುಡುಗಿತು.

"ಇವನೊಬ್ಬನಿಗೇ ಬಗ್ಗುತ್ತೇನ್ ಸಾಬ್ರೇ ಇದು?" ಎಂದರು ಕೋದಂಡರಾಮಪ್ಪ.

"ಎತ್ತಿನ ಥರ ಯಜಮಾನ್ರೇ. ಪಳಗಿಸಿದವನ ಮಾತೇ ಕೇಳೋದು."

ಗಂಗುಲಪ್ಪ ಇನ್ನೂ ಎಂಟು ವರ್ಷ ಅದೇ ಲಾರಿ ಓಡಿಸಿದ. ದಿನಾ ಸಂಜೆ ವೈರು ಅವನ ಜೇಬಿನಲ್ಲಿ. ಎಂಬತ್ತೊಂಬತ್ತರಲ್ಲಿ ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನ, ಸಾಬರ ಜೊತೆ ಹೋಗಿ, ತಲೆ ತಗ್ಗಿಸಿ ಅದನ್ನು ಯಜಮಾನರ ಮುಂದಿಟ್ಟ.

ಕೋದಂಡರಾಮಪ್ಪ ಒಳಗೆ ಹೋಗಿ, ಅಂಥದ್ದೇ ಇನ್ನೊಂದು ಗೇಣುದ್ದದ ವೈರು ತಂದು ಅದರ ಪಕ್ಕಕ್ಕಿಟ್ಟರು. ಬಳಸದೆ ಅದಕ್ಕೆ ಕಿಲುಬು ಹಿಡಿದಿತ್ತು.

"ಲಾರಿ ತಿಪ್ಪೆಗೆ ಬಿದ್ದ ವಾರಾನೇ ತಂದಿಟ್ಟಿದ್ದೆ ಕಣೋ" ಎಂದರು. "ನಮ್ಮ ಅಳಿಯನಿಗೆ ಮಾತ್ರ ಹೇಳ್ಬೇಡಿ."