ಸುಮಿನಾ ಕಡೆದ ಜೋಡಿ ಮಣಿ

ಮರಗೆಲಸದ ಊರಾದ ಜೆಪಾರದ ಮಸೀದಿಯಲ್ಲಿ ಬೆಳಗಿನ ಬಾಂಗ್ ಆಗಷ್ಟೇ ಮುಗಿದಿದೆ. ಸುಮಿನಾ ಆಗಲೇ ಮರ ಕಡೆಯುವ ಲೇತಿನ ಮುಂದೆ ಕೂತಾಗಿದೆ. ಉಳಿ ತಾಗಿದ ಕಡೆಯಿಂದ ತೇಗದ ಹೊಟ್ಟು ಮುಖದವರೆಗೂ ಹಾರುತ್ತದೆ. ಇವತ್ತು ಅವರು ಕಡೆಯುತ್ತಿರುವುದು ಕುರ್ಚಿಯ ಕಾಲಲ್ಲ, ಜಲಜನಕದ ಪರಮಾಣು!

"ಆ ಹುಡುಗಿ ಬರೋ ಹೊತ್ತಾಯ್ತು. ಇವತ್ತೂ ತಪ್ಪಿದ್ರೆ ನನ್ ಮಾನ ಹೋಯ್ತು" ಎಂದು ನಗುತ್ತಾರೆ.

ಗಂಡ ತೀರಿಕೊಂಡಾಗ ಲೇತ್ ಮಾರಿಬಿಡು ಎಂದವರೇ ಹೆಚ್ಚು. ಸುಮಿನಾ ಮಾರಲಿಲ್ಲ. ದಿನಕ್ಕೆ ಮೂವತ್ತು ಕುರ್ಚಿ ಕಾಲು ಕಡೆದು ಮಕ್ಕಳನ್ನು ದಡ ಸೇರಿಸಿದರು. ಆ ಕುರ್ಚಿಗಳು ಎಲ್ಲೆಲ್ಲಿಗೋ ಹೋಗಿವೆ, ಇವರ ಹೆಸರು ಮಾತ್ರ ಓಣಿ ದಾಟಿಲ್ಲ.

ಹೋದ ತಿಂಗಳು ಅಂಧ ಮಕ್ಕಳ ಶಾಲೆಯ ಹರ್ದಿ ಮೇಷ್ಟ್ರು ಬಂದಿದ್ದರು. ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕೂಡಿಕೊಳ್ಳುವ ಪಾಠವನ್ನು ಅಲ್ಲಿ ಪ್ರತಿ ವರ್ಷ ಬಿಟ್ಟುಬಿಡುತ್ತಾರೆ. ಪುಸ್ತಕದ ಚಿತ್ರ ಆ ಮಕ್ಕಳಿಗೆ ಎಟುಕದು. ಮುಟ್ಟಿ ತಿಳಿಯುವಂಥದ್ದು ಸಿಗದಿದ್ದರೆ ಈ ವರ್ಷವೂ ಅದೇ ಗತಿ. "ಜಲಜನಕಕ್ಕೆ ಎರಡು ಎಲೆಕ್ಟ್ರಾನ್ ಇದ್ರೇ ನೆಮ್ಮದಿ ಅಕ್ಕ, ಇರೋದು ಮಾತ್ರ ಒಂದು" ಎಂದು ಮೇಷ್ಟ್ರು ವಿವರಿಸಿದರು.

ಸುಮಿನಾ ಮೊದಲ ಸಲ ಪರಮಾಣುವಿಗೊಂದರಂತೆ ಎರಡು ಮರದ ಉಂಡೆ ಕಡೆದು, ಒಂದೊಂದಕ್ಕೂ ಎಲೆಕ್ಟ್ರಾನ್ ಲೆಕ್ಕದ ಒಂದೊಂದು ಮಣಿ ಅಂಟಿಸಿ, ಜೋಡಿಸಿ ಕೊಟ್ಟರು. ಮರಗೆಲಸದವರ ಬುದ್ಧಿ, ಏನೂ ಅಲ್ಲಾಡಬಾರದು! ಆ ಶಾಲೆಯ ಹತ್ತನೇ ತರಗತಿಯ ಹುಡುಗಿ ನಿಂಗ್ರುಮ್ ಸವರಿ ನೋಡಿ ಮುಖ ಸೊಟ್ಟ ಮಾಡಿದಳು: "ಇವನದು ಇವನ ಹತ್ರ, ಅವನದು ಅವನ ಹತ್ರ. ಹಂಚ್ಕೊಂಡಿದ್ದೆಲ್ಲಿ ಅಜ್ಜಿ? ಜಗಳ ಆಡಿ ಕೂತ ಹಾಗಿದೆ!"

"ನೀರು ಸೇದೋವಾಗ ಹೊಳೀತು ನೋಡಿ" ಎನ್ನುತ್ತಾರೆ ಸುಮಿನಾ. "ನಮಗೂ ಪಕ್ಕದ ಮನೆ ವಾರ್ತಿನಿಗೂ ಒಂದೇ ಬಾವಿ. ನಂದೊಂದು ಬಕೆಟ್, ಅವಳದೊಂದು, ಎರಡೂ ಅಲ್ಲೇ ಇರ್ತವೆ. ಎಷ್ಟಿವೆ ಅಂದ್ರೆ ನಾನೂ ಎರಡು ಅಂತೀನಿ, ಅವಳೂ ಎರಡು ಅಂತಾಳೆ. ಇಬ್ರದೂ ಸುಳ್ಳಲ್ಲ. ಬಕೆಟ್ ಬಿಟ್ಟು ಯಾರೂ ದೂರ ಹೋಗಲ್ಲ!"

ಮೇಷ್ಟ್ರ ಕೈ ಹಿಡಿದು ನಿಂಗ್ರುಮ್ ಬರುತ್ತಾಳೆ. ಹೊಸ ಉಂಡೆಗಳ ನಡುವೆ ಈಗ ಗಿಡ್ಡ ಬಿದಿರು ಕಡ್ಡಿ, ಅದರ ಮೇಲೆ ಸಲೀಸಾಗಿ ಜಾರುವ ಎರಡು ಮಣಿ. ಈ ಉಂಡೆಯ ಕಡೆಯಿಂದ ಎಣಿಸುತ್ತಾಳೆ, ಆ ಉಂಡೆಯ ಕಡೆಯಿಂದ ಎಣಿಸುತ್ತಾಳೆ. ಸುಮಿನಾ ಉಳಿ ಕೆಳಗಿಟ್ಟು ನೋಡುತ್ತಾರೆ.

"ಇವನಿಗೂ ಎರಡು, ಅವನಿಗೂ ಎರಡು. ಇರೋದೇ ಎರಡು!" ಹುಡುಗಿ ಕುಣಿದಾಡುತ್ತಾಳೆ. "ಸೋಮವಾರದಿಂದಲೇ ಪಾಠ" ಎನ್ನುತ್ತಾರೆ ಮೇಷ್ಟ್ರು. ವಾರ್ತಿನಿ ಬಿಸಿ ಬಿಸಿ ತೆಂಪೆ, ಅಂದರೆ ಸೋಯಾ ಕಾಳಿನ ಬಿಲ್ಲೆ, ಕರಿದು ತರುತ್ತಾರೆ. ಸುಮಿನಾ ಅವರ ಸಂತೋಷಕ್ಕೆ ಮಿತಿಯೇ ಇಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ಹೊಟ್ಟು ಕೊಡವಿಕೊಳ್ಳುತ್ತ ಹೇಳುತ್ತಾರೆ: "ಕುರ್ಚಿ ಕಾಲಾದ್ರೆ ನೂರು ವರ್ಷ ಬಾಳ್ಲಿ ಅಂತೀನಿ. ಇದು ಮಾತ್ರ ಬೇಗ ಸವೀಲಿ. ಮಕ್ಕಳ ಕೈ ಆಡಿ ಆಡಿ ಸವೀಲಿ. ಇನ್ನೊಂದು ಕಡೆದು ಕೊಡೋಕೆ ನಾನಿದ್ದೀನಲ್ಲ."