ನಲವತ್ತು ಹೆಜ್ಜೆ ದೂರದ ಮಾತು

ದೊಡ್ಡಬಳ್ಳಾಪುರದಲ್ಲಿ ಅಮಾವಾಸ್ಯೆಯ ದಿನ ಮಗ್ಗ ನಿಲ್ಲುತ್ತದೆ. ಕರೆಂಟಿನ ಮಗ್ಗ ಬಂದು ಎಷ್ಟೋ ಕಾಲವಾದರೂ ಆ ಪದ್ಧತಿ ಹೋಗಿಲ್ಲ. ಯುಗಾದಿಯ ಅಮಾವಾಸ್ಯೆಯಾದರೆ ಹಬ್ಬವೂ ಸೇರಿ ಎರಡು ದಿನ ರಜ. ಮೂವತ್ತನಾಲ್ಕು ವರ್ಷ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯ್ದ ಕೋದಂಡರಾಮಯ್ಯ ಇಂಥ ರಜದಲ್ಲಿ ಊರು ಬಿಟ್ಟು ಕದಲಿದವನೇ ಅಲ್ಲ. ಉಂಡು ಮಲಗುವುದೇ ಅವನ ಪ್ರವಾಸ. ಈ ಸಲ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸೀರೆಯ ಕವರು ಹಿಡಿದು ಬೂದಿಗೆರೆಗೆ ಹೊರಟ. ಮಗಳು ಅನಿತ ಮದುವೆಯಾಗಿ ಎಂಟು ತಿಂಗಳು. ಮೊದಲ ಯುಗಾದಿಗೆ ಮಗಳು ಅಳಿಯನನ್ನು ಮನೆಗೆ ಕರೆತರಬೇಕಲ್ಲ!

“ಫೋನಲ್ಲಿ ಕರೆದ್ರೆ ಕರೆದಂಗಾಯ್ತಾ? ನೀವೇ ಹೋಗಿ ಕರ್ಕೊಂಡ್ಬನ್ನಿ. ಒಬ್ರೇ ಬಂದ್ರೆ ಬಾಗಿಲು ತೆಗಿಯಲ್ಲ ನೋಡಿ,” ಎಂದಿದ್ದಳು ಹೆಂಡತಿ ವರಲಕ್ಷ್ಮಮ್ಮ.

ಕೋದಂಡರಾಮಯ್ಯನ ಕಿವಿಯನ್ನು ಮಗ್ಗ ತಿಂದು ಬಹಳ ವರ್ಷವಾಗಿತ್ತು. ಆ ಸದ್ದಿನಲ್ಲಿ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವವರು ಕಿವಿಯನ್ನು ನಂಬುವುದಿಲ್ಲ, ತುಟಿ ನೋಡಿ ಮಾತು ತಿಳಿಯುತ್ತಾರೆ. ಅನಿತ ಚಿಕ್ಕವಳಿದ್ದಾಗ ಊಟದ ಡಬ್ಬಿ ತಂದು, ಶೆಡ್ಡಿನ ಬಾಗಿಲಲ್ಲೇ ನಿಂತು, ಬರೀ ತುಟಿ ಆಡಿಸಿ “ಅಪ್ಪಾ, ಮುದ್ದೆ, ಬಸ್ಸಾರು” ಎನ್ನುತ್ತಿದ್ದಳು. ಒಂದೊಂದೇ ಮಾತು ಬಿಡಿಸಿ ಹೇಳಬೇಕು ಅಂತ ಅವನೇ ಕಲಿಸಿದ್ದ. ಮಗ್ಗದವರಿಗೆ ಇನ್ನೊಂದು ಹಾಳು ಅಭ್ಯಾಸವೂ ಉಂಟು. ಶೆಡ್ಡಿನಿಂದ ಹೊರಗೆ ಬಂದರೂ ಗಂಟಲು ಹರಿಯುವಂತೆ ಮಾತಾಡುತ್ತಾರೆ. ತಾವು ಕೂಗುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಬೂದಿಗೆರೆಯಲ್ಲಿ ಬೀಗಿತ್ತಿ ಹೊಸಿಲಲ್ಲೇ ನಿಂತು, ಎಲ್ಲರೂ ಗ್ರೌಂಡಿಗೆ ಹೋಗಿದ್ದಾರೆ ಎಂದು ಕೈ ತೋರಿಸಿದರು. ಬಿಸಿಲಲ್ಲಿ ಬಂದವನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ. ಹೋಗಲಿ ಬಿಡು ಎಂದುಕೊಂಡು ಅವನು ಗ್ರೌಂಡಿನ ಕಡೆ ನಡೆದ.

ಲೇಔಟಿಗೆಂದು ಸಮ ಮಾಡಿ ಬಿಟ್ಟಿದ್ದ ಬಯಲು. ಸುತ್ತಲಿನ ಎಂಟು ಹಳ್ಳಿಗಳ ಕ್ರಿಕೆಟ್ ಲೀಗಿನ ಫೈನಲ್ ಅಲ್ಲಿ ನಡೆಯುತ್ತಿತ್ತು. ಅಳಿಯ ಹರಿಪ್ರಸಾದ್ ಒಂದು ಟೀಮಿನ ಓನರ್. ಕ್ರಿಕೆಟ್ಟನ್ನು ಟೀವಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರದ ಕೋದಂಡರಾಮಯ್ಯನಿಗೆ ಬಣ್ಣಬಣ್ಣದ ಅಂಗಿಯ ಹುಡುಗರು, ಗೋಬಿ ಗಾಡಿ, ಅಳಿಯನ ಮುಖವಿದ್ದ ಆಳೆತ್ತರದ ಫ್ಲೆಕ್ಸು, ಎಲ್ಲ ಕಂಡು ಎದೆಯುಬ್ಬಿತು. ಶಾಮಿಯಾನದ ಕೆಳಗೆ ಓನರುಗಳ ಹೆಂಡಂದಿರಿಗೆ ಸೋಫಾ ಹಾಕಿದ್ದರು. ಅಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಅನಿತ ಕೂತಿದ್ದಳು.

“ಅನಿತಮ್ಮಾ! ಹಬ್ಬಕ್ಕೆ ಕರಿಯೋಕ್ ಬಂದಿದೀನಿ ಕಣವ್ವಾ. ಸೀರೆ ನೋಡು, ನಾನೇ ನೇಯ್ದಿದ್ದು.”

ಶಾಮಿಯಾನಕ್ಕೆ ಶಾಮಿಯಾನವೇ ತಿರುಗಿತು. ಬಾಲಿಗೆ ಕಾಯುತ್ತಿದ್ದ ಬ್ಯಾಟ್ಸ್‌ಮನ್ ಕೂಡ ವಿಕೆಟ್ ಬಿಟ್ಟು ಪಕ್ಕಕ್ಕೆ ಸರಿದ. ಕಾಮೆಂಟರಿ ಹುಡುಗ, “ಗುರು, ಮೈಕು ನನ್ ಹತ್ರ ಇದೆಯಾ, ಇಲ್ಲ ತಾತನ ಹತ್ರ ಇದೆಯಾ?” ಎಂದ. ಇಡೀ ಗ್ರೌಂಡು ಗೊಳ್ಳೆಂದಿತು. ಎಲ್ಲರೂ ನಗುತ್ತಿದ್ದಾರೆಂದು ಕೋದಂಡರಾಮಯ್ಯನೂ ನಕ್ಕ.

ಅನಿತ ಕವರು ಇಸಿದುಕೊಂಡು ಸೋಫಾದ ಮೇಲಿಟ್ಟಳು. ಹರಿಪ್ರಸಾದ್ ಓಡಿ ಬಂದು ಅವನ ಭುಜ ಹಿಡಿದು, ಕಿವಿಗೆ ಬಾಯಿಟ್ಟು, “ಆ ಕಡೆ ಕೂತ್ಕೊಳ್ಳಿ ಮಾವ, ಅಲ್ಲಿಂದ ಆಟ ಚೆನ್ನಾಗ್ ಕಾಣುತ್ತೆ,” ಎಂದು ನೀರಿನ ಡ್ರಮ್ಮಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೋದ. ತಲೆಯ ಮೇಲೆ ಬಿಸಿಲು. ಶಾಮಿಯಾನ ಅಲ್ಲಿಂದ ನಲವತ್ತು ಹೆಜ್ಜೆ. ಅಳಿಯನಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದು ಅವನು ಹಿಗ್ಗಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹೆಗ್ಗಣವನ್ನು ಕಟ್ಟಿಕೊಂಡ ಅಳಿಯನೂ ಮುದ್ದು. ಆಟ ಯಾರಿಗೆ ಬೇಕಿತ್ತು? ಅವನು ಮಗಳನ್ನೇ ನೋಡುತ್ತ ಕೂತ. ಐವತ್ತೈದು ದಾಟಿದ್ದರೂ ದೂರದ ಕಣ್ಣು ಗಟ್ಟಿಯಾಗಿತ್ತು.

ಪಕ್ಕದ ಸೋಫಾದ ಮೋನಿಷಾ, ಎದುರು ಟೀಮಿನ ಓನರ್ ಹೆಂಡತಿ, ಕೇಳಿದಳು: “ಯಾರೇ ಆ ತಾತ?”

“ನಮ್ಮಪ್ಪನ ಮಗ್ಗದಲ್ಲಿ ಕೆಲಸ ಮಾಡ್ತಾರೆ,” ಎಂದಳು ಅನಿತ. “ಕಿವಿ ಕೇಳಿಸಲ್ಲ, ಪಾಪ. ಹಬ್ಬಕ್ಕೆ ಕರಿಯೋಕೆ ಅಪ್ಪ ಕಳ್ಸಿದಾರೆ.”

“ನಿಮ್ಮಪ್ಪನೇ ಬರ್ಬೋದಿತ್ತಲ್ಲ?”

“ಹದಿನಾರು ಮಗ್ಗ ನೋಡ್ಕೋಬೇಕಲ್ಲ, ಪುರುಸೊತ್ತೆಲ್ಲಿ?”

ಅಮಾವಾಸ್ಯೆಯ ದಿನ ಯಾವ ಮಗ್ಗ ನೋಡಿಕೊಳ್ಳುತ್ತಾನೆ ಆ ಅಪ್ಪ? ಕೋದಂಡರಾಮಯ್ಯನಿಗೆ ಮೊದಲು ಹೊಳೆದದ್ದು ಅದೇ.

ಮೋನಿಷಾ ಸೀರೆ ಬಿಡಿಸಿ ಸೆರಗು ಸವರಿದಳು. ಅನಿತಳಿಗೆ ಚಿಕ್ಕಂದಿನಿಂದ ಆಸೆಯಿದ್ದ ಗಿಣಿಹಸಿರು. ಮಾಲೀಕ ಆಂಜಿನಪ್ಪನ ಕೈಕಾಲು ಹಿಡಿದು, ಒಂದೇ ಒಂದು ಸೀರೆಗೆಂದು ನೂಲಿನ ಬಣ್ಣ ಬದಲಿಸಿಕೊಂಡು ಅವನು ನೇಯ್ದಿದ್ದ.

“ಬೇಕಾದ್ರೆ ನೀನೇ ಇಟ್ಕೊ,” ಎಂದಳು ಅನಿತ. “ನಮ್ಮನೇಲಿ ರಾಶಿ ಬಿದ್ದಿದೆ.”

ಹೇಳಿ ಮುಗಿಸಿ ತಲೆಯೆತ್ತಿದವಳು ನೀರಿನ ಡ್ರಮ್ಮಿನ ಕಡೆ ನೋಡಿದಳು. ಅಪ್ಪನ ಕಣ್ಣು ತನ್ನ ತುಟಿಯ ಮೇಲೇ ಇತ್ತು. ಅಷ್ಟೂ ಅವನಿಗೆ ತಿಳಿದಿದೆ ಎಂದು ಅವಳಿಗೆ ಗೊತ್ತಾಯಿತು. ಕನ್ನಡಕ ತೆಗೆದಳು. ಈಗ ಎದ್ದು ಬರುತ್ತಾಳೆ, ತಪ್ಪಾಯ್ತು ಅಂತಾಳೆ, ನಾನೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ ಎಂದು ಆ ಹುಚ್ಚಪ್ಪ ಕುರ್ಚಿಯ ತುದಿಗೆ ಸರಿದು ಕೂತ.

ಅನಿತ ಅಕ್ಕಪಕ್ಕ ನೋಡಿದಳು. ಮೋನಿಷಾ ಸೀರೆ ಮಡಿಸುತ್ತಿದ್ದಳು. ಅನಿತ ಸದ್ದಿಲ್ಲದೆ ಬರೀ ತುಟಿ ಆಡಿಸಿದಳು, ಅವನು ಕಲಿಸಿದ ಹಾಗೇ ಒಂದೊಂದೇ ಮಾತು ಬಿಡಿಸಿ.

“ಅಪ್ಪಾ. ನಾವು ಬರಲ್ಲ. ಐದೂವರೆಗೆ ಬಸ್ಸಿದೆ. ಹೋಗು.”

ಶೆಡ್ಡಿನಲ್ಲಿ ತಿಳಿಯಿತು ಎನ್ನಲು ತಲೆಯಾಡಿಸುವಂತೆ ಅವನು ತಲೆಯಾಡಿಸಿದ. ಅವಳು ಕನ್ನಡಕ ಹಾಕಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಅವನು ಊರು ಸೇರಿದ. ತೆಗೆಯಲ್ಲ ಎಂದಿದ್ದ ಬಾಗಿಲು ಹಾರುಹೊಡೆದಿತ್ತು. ವರಲಕ್ಷ್ಮಮ್ಮ ಒಬ್ಬಟ್ಟಿಗೆ ನಾಲ್ಕು ಜನಕ್ಕಾಗುವಷ್ಟು ಬೇಳೆ ಅಳೆದಿಟ್ಟುಕೊಂಡು ಹೊಸಿಲಲ್ಲಿ ಕೂತಿದ್ದಳು. ಗಂಡನ ಬೆನ್ನ ಹಿಂದೆ ಇಣುಕಿ ನೋಡಿದಳು.

“ಎಲ್ರೀ ಅವಳು? ಏನಂದ್ಲು?”

“ಅಲ್ಲಿ ಮೈಕಿನ ಗಲಾಟೆ ಕಣೆ,” ಎಂದ ಕೋದಂಡರಾಮಯ್ಯ. “ಏನಂದ್ಲೋ, ಒಂದೂ ಕೇಳಿಸ್ಲಿಲ್ಲ.”

ಇಪ್ಪತ್ತು ವರ್ಷ ಅದೇ ಶೆಡ್ಡಿನಲ್ಲಿ ನೂಲು ಸುತ್ತಿದ್ದ ವರಲಕ್ಷ್ಮಮ್ಮ ಅವನ ಮುಖ ನೋಡಿದಳು. ಒಳಗೆ ಹೋಗಿ, ಅಳೆದಿಟ್ಟ ಬೇಳೆಯಲ್ಲಿ ಅರ್ಧ ಡಬ್ಬಿಗೆ ವಾಪಸು ಸುರಿದಳು.